ಕಲ್ಲುನೆಲದಲ್ಲಿ ಜಿಂಕೆಯ ಮೇವು

ಜಿಂಕೆಯನ್ನು ಕಂಡು ಮನಸ್ಸು ಕರಗದವರು ವಿರಳ. ಹುಲಿಯನ್ನು ಕಂಡರೆ ಹೆದರುತ್ತೇವೆ, ಆನೆಯನ್ನು ಕಂಡರೆ ಕೈ ಮುಗಿಯುತ್ತೇವೆ, ಕೋತಿಯನ್ನು ಕಂಡರೆ ನಗುತ್ತೇವೆ. ಜಿಂಕೆಯನ್ನು ಕಂಡರೆ ಮಾತ್ರ ಕೈ ತಾನಾಗಿಯೇ ತಿಂಡಿಯ ಡಬ್ಬಿಯ ಕಡೆಗೆ ಹೋಗುತ್ತದೆ. ಈ ಸ್ವಭಾವ ಇಂದು ನಿನ್ನೆಯದಲ್ಲ. ಕಾಳಿದಾಸನ ಶಕುಂತಲೆ ತಬ್ಬಲಿ ಮರಿಯೊಂದಕ್ಕೆ ಶ್ಯಾಮಾಕದ ಕಾಳನ್ನು ಹಿಡಿಹಿಡಿಯಾಗಿ ತಿನ್ನಿಸಿ ಸಾಕಿದ್ದಳು. ಅವಳು ಗಂಡನ ಮನೆಗೆ ಹೊರಟಾಗ ಆ ಮರಿ ಸೆರಗು ಹಿಡಿದು ಎಳೆಯಿತು. ಬಸವಪ್ಪ ಶಾಸ್ತ್ರಿಗಳು ಆ ನಾಟಕವನ್ನು ಕನ್ನಡಕ್ಕೆ ತಂದ ಮೇಲೆ ನಮ್ಮ ನಾಡಿನಲ್ಲಿ ಅದನ್ನು ಓದಿ, ಆಡಿ, ಕಣ್ಣೊರೆಸಿಕೊಂಡವರಿಗೆ ಲೆಕ್ಕವಿಲ್ಲ.

ಕಣ್ವರ ಆಶ್ರಮದ ಸುತ್ತ ಕಾಡಿತ್ತು, ಹುಲ್ಲಿತ್ತು, ಹೊಳೆಯಿತ್ತು. ಮರಿ ಬೆಳೆದ ಮೇಲೆ ತನ್ನ ಊಟವನ್ನು ತಾನೇ ನೋಡಿಕೊಳ್ಳಬಹುದಾಗಿತ್ತು. ನಮ್ಮ ಕಾಲದ ಜಿಂಕೆಗೆ ಆ ಅನುಕೂಲ ಉಳಿದಿದೆಯೆ? ಅದಕ್ಕೆ ಉಣ್ಣಿಸಬೇಕೆಂದರೆ ಏನು ಮಾಡಬೇಕು? ಅದೂ ನೇಗಿಲು ಇಳಿಯದ, ಕಲ್ಲೇ ಹೆಚ್ಚಾಗಿರುವ ಬಡ ನೆಲದಲ್ಲಿ ಮೇವು ಬೆಳೆಯುವುದು ಸಾಧ್ಯವೆ? ಈ ಪ್ರಶ್ನೆ ಕಾಡಿನ ಅಧಿಕಾರಿಗಳಿಗೆ ಮಾತ್ರ ಸೇರಿದ್ದೆಂದು ಕೀಲ್ಪಾಕಿನಲ್ಲಿ ಸಂಸಾರ ಹೂಡಿರುವ ನಾವು ತಿಳಿಯಬೇಕಾಗಿಲ್ಲ. ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಹಿರಿಯರಿಂದ ಬಂದ ಎರಡೋ ಮೂರೋ ಎಕರೆ ಗರಸು ಭೂಮಿ ಇದೆ. ಮಕ್ಕಳನ್ನು ಕರೆದುಕೊಂಡು ವರ್ಷಕ್ಕೊಮ್ಮೆಯಾದರೂ ಗಿಂಡಿಗೆ ಹೋಗದ ಮನೆಯೂ ಕಡಿಮೆ.

ಗಿಂಡಿಯ ನೆರೆಹೊರೆಯವರು

ಕೀಲ್ಪಾಕಿನಲ್ಲಿ ಮೆಟ್ರೋ ಹತ್ತಿ ಆಲಂದೂರಿನಲ್ಲಿ ಗಾಡಿ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಗಿಂಡಿ. ಇಷ್ಟು ದೊಡ್ಡ ನಗರದ ಒಳಗೆ, ಆಫೀಸು ಆಸ್ಪತ್ರೆಗಳ ನಡುವೆ, ಒಂದು ರಾಷ್ಟ್ರೀಯ ಉದ್ಯಾನ ಉಳಿದಿರುವುದು ಸೋಜಿಗದ ಸಂಗತಿ. ಅದರ ವಿಸ್ತೀರ್ಣ ಸುಮಾರು ೨.೭ ಚದರ ಕಿಲೋಮೀಟರು ಮಾತ್ರ; ಭಾರತದ ಅತಿ ಸಣ್ಣ ರಾಷ್ಟ್ರೀಯ ಉದ್ಯಾನಗಳಲ್ಲಿ ಅದೂ ಒಂದು. ಹಿಂದೆ ಈ ಕಾಡು ಇದರ ಸುಮಾರು ಎರಡರಷ್ಟು ದೊಡ್ಡದಿತ್ತು. ೧೯೫೦ರ ದಶಕದಿಂದ ೭೦ರ ದಶಕದವರೆಗೆ ವಿದ್ಯಾಸಂಸ್ಥೆಗೆ, ಸ್ಮಾರಕಗಳಿಗೆ, ಮಕ್ಕಳ ಉದ್ಯಾನಕ್ಕೆ ಎಂದು ತುಂಡುತುಂಡಾಗಿ ಹಂಚಿಹೋಗಿ, ಉಳಿದ ಭಾಗಕ್ಕೆ ೧೯೭೮ರಲ್ಲಿ ರಾಷ್ಟ್ರೀಯ ಉದ್ಯಾನದ ಪಟ್ಟ ದೊರೆಯಿತು.

ಅಲ್ಲಿ ಎರಡು ಬಗೆಯ ಪ್ರಾಣಿಗಳಿವೆ. ಒಂದು ಚುಕ್ಕೆ ಜಿಂಕೆ. ತಮಿಳಿನವರು ಪುಳ್ಳಿಮಾನ್ ಎನ್ನುತ್ತಾರೆ. ಇನ್ನೊಂದು ಕೃಷ್ಣಮೃಗ, ಗಂಡಿನ ಕೊಂಬು ತಿರುಪಿನಂತೆ ಸುತ್ತಿಕೊಂಡಿರುವುದರಿಂದ ಇಲ್ಲಿ ಅದಕ್ಕೆ ತಿರುಗುಮಾನ್ ಎಂಬ ಹೆಸರಿದೆ. ನಾವು ಎರಡನ್ನೂ ಜಿಂಕೆ ಎಂದುಬಿಡುತ್ತೇವೆ. ಶಾಸ್ತ್ರಜ್ಞರ ಲೆಕ್ಕದಲ್ಲಿ ಅವು ಬೇರೆ ಬೇರೆ ಕುಟುಂಬಗಳು. ಜಿಂಕೆಯ ಕವಲುಗೊಂಬು ಪ್ರತಿವರ್ಷ ಉದುರಿ ಮತ್ತೆ ಹುಟ್ಟುತ್ತದೆ. ಕೃಷ್ಣಮೃಗದ ಕೊಂಬು ಹಸುವಿನದರಂತೆ ಬದುಕಿರುವವರೆಗೂ ಇರುತ್ತದೆ.

ಊಟದಲ್ಲಿಯೂ ಎರಡಕ್ಕೂ ವ್ಯತ್ಯಾಸವುಂಟು. ಕೃಷ್ಣಮೃಗ ಮುಖ್ಯವಾಗಿ ಹುಲ್ಲನ್ನೇ ನಂಬಿದ್ದು. ಬಯಲು ಇಲ್ಲದೆ ಅದು ಬಾಳಲಾರದು. ದೂರಕ್ಕೆ ಕಣ್ಣು ಹಾಯಬೇಕು, ಓಡಲು ಜಾಗವಿರಬೇಕು. ಚುಕ್ಕೆ ಜಿಂಕೆ ಅಷ್ಟು ಕಟ್ಟುನಿಟ್ಟಲ್ಲ. ಮಳೆಗಾಲದಲ್ಲಿ ಎಳೆಹುಲ್ಲು, ಬೇಸಗೆಯಲ್ಲಿ ಚಿಗುರು, ಉದುರಿದ ಎಲೆ, ಆಲ ಅತ್ತಿಗಳ ಹಣ್ಣು, ಕಾಯಿ, ಹೂವು ಎಲ್ಲವೂ ಅದಕ್ಕೆ ಆಗುತ್ತದೆ. ಆದ್ದರಿಂದ ಗಿಂಡಿಯಲ್ಲಿ ಬಯಲು ಮುಚ್ಚಿ ಪೊದೆ ಬೆಳೆದಷ್ಟೂ ಕೃಷ್ಣಮೃಗಕ್ಕೆ ಸಂಕಟ ಹೆಚ್ಚು. ಪೋಲೋ ಮೈದಾನವೆಂದು ಕರೆಯುವ ಅಲ್ಲಿಯ ಹುಲ್ಲುಬಯಲು ಹೀಗಾಗಿ ಬಹಳ ಬೆಲೆಯುಳ್ಳದ್ದು. ಟಿ. ಆರ್. ಶಂಕರ ರಾಮನ್, ಆರ್. ಕೆ. ಜಿ. ಮೆನನ್ ಮತ್ತು ಆರ್. ಸುಕುಮಾರ್ ಅವರು ಈ ಎರಡು ಪ್ರಾಣಿಗಳ ಜೀವನಕ್ರಮವನ್ನು ಗಿಂಡಿಯಲ್ಲಿಯೇ ಅಭ್ಯಾಸ ಮಾಡಿ ೧೯೯೬ರಲ್ಲಿ ಲೇಖನ ಪ್ರಕಟಿಸಿದ್ದಾರೆ. ನಗರದ ನಡುವಿನ ಜಿಂಕೆಯೂ ಶಾಸ್ತ್ರಕ್ಕೆ ವಿಷಯವಾಗಬಲ್ಲದು!

ಮದರಾಸಿನ ಕಡೆಯ ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಮಾರ್ಚಿನಿಂದಾಚೆಗೆ ಹುಲ್ಲು ಒಣಗುತ್ತ ಬರುತ್ತದೆ. ನಾವು ಬೇಸಗೆ ರಜೆಯಲ್ಲಿ ಮಕ್ಕಳ ಕೈ ಹಿಡಿದು ಹೋಗುವ ಕಾಲವೂ, ಪ್ರಾಣಿಗಳಿಗೆ ಮೇವು ತೀರ ಕಡಿಮೆಯಾಗುವ ಕಾಲವೂ ಒಂದೇ ಆಗಿರುತ್ತದೆ. ಬೇಲಿಯ ಹತ್ತಿರ ಬಂದು ನಿಂತ ಜಿಂಕೆಯನ್ನು ಕಂಡು ಕರುಣೆ ಉಕ್ಕುವುದೂ ಆಗಲೇ.

ಕೈತುತ್ತಿನ ಕೇಡು

ಈ ಕರುಣೆ ಒಳ್ಳೆಯದೇ. ಆದರೆ ಅದರ ಫಲ ಒಳ್ಳೆಯದಲ್ಲ. ಜಿಂಕೆ ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ಮೊದಲನೆಯ ದೊಡ್ಡ ಕೋಣೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಸೇರಿಕೊಂಡು ನಾರಿನ ಹುಲ್ಲನ್ನು ನಿಧಾನವಾಗಿ ಕೊಳೆಯಿಸಿ ಆಹಾರವನ್ನಾಗಿ ಮಾಡುತ್ತವೆ. ಜಿಂಕೆ ಹುಲ್ಲು ತಿನ್ನುತ್ತದೆ ಎನ್ನುವುದಕ್ಕಿಂತ, ಹುಲ್ಲನ್ನು ಈ ಜೀವಿಗಳಿಗೆ ಉಣ್ಣಿಸಿ ತಾನು ಬದುಕುತ್ತದೆ ಎನ್ನುವುದು ಸರಿ. ಇಂಥ ಹೊಟ್ಟೆಗೆ ಒಮ್ಮೆಲೇ ಅನ್ನ, ಬ್ರೆಡ್ಡು, ಬಿಸ್ಕತ್ತು, ಕಾಳು ಬಿದ್ದರೆ ಪಿಷ್ಟ ಬೇಗ ಹುಳಿಯುತ್ತದೆ. ಹೊಟ್ಟೆಯಲ್ಲಿ ಆಮ್ಲ ಏರುತ್ತದೆ. ನಾರನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಹೊಟ್ಟೆ ತುಂಬಿದ ಪ್ರಾಣಿ ಹೊಟ್ಟೆಯ ರೋಗದಿಂದಲೇ ಮಲಗುತ್ತದೆ. ಹಸುವಿಗೆ ಹಬ್ಬದ ದಿನ ಅನ್ನ, ಹೋಳಿಗೆ ಹೆಚ್ಚಾಗಿ ಇಟ್ಟು ಹೊಟ್ಟೆಯುಬ್ಬರ ಬಂದದ್ದನ್ನು ಹಳ್ಳಿಯಲ್ಲಿ ಬೆಳೆದವರು ಕಂಡೇ ಇರುತ್ತಾರೆ.

ಎರಡನೆಯ ಕೇಡು ಪ್ಲಾಸ್ಟಿಕ್ಕಿನದು. ಉಪ್ಪು, ಎಣ್ಣೆಗಳ ವಾಸನೆ ಹಿಡಿದ ಚೀಲವನ್ನು ಜಿಂಕೆ ನುಂಗುತ್ತದೆ. ಅದು ಕರಗುವುದೂ ಇಲ್ಲ, ಮುಂದೆ ಸಾಗುವುದೂ ಇಲ್ಲ. ಗಿಂಡಿಯ ಸುತ್ತಮುತ್ತ ಸತ್ತ ಜಿಂಕೆಗಳ ಹೊಟ್ಟೆಯಿಂದ ಪ್ಲಾಸ್ಟಿಕ್ ಉಂಡೆಗಳನ್ನು ತೆಗೆದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಮೂರನೆಯದು ಅಭ್ಯಾಸದ ಕೇಡು. ಮನುಷ್ಯನ ಕೈಯನ್ನು ಕಲಿತ ಜಿಂಕೆ ಬೇಲಿ ದಾಟಿ ರಸ್ತೆಗೆ ಬರುತ್ತದೆ. ಅಲ್ಲಿ ಮೋಟಾರು, ಬೀದಿನಾಯಿ ಎರಡೂ ಕಾದಿರುತ್ತವೆ.

ಹಾಗಾದರೆ ಹಸಿದ ಪ್ರಾಣಿಗೆ ಏನೂ ಮಾಡಬಾರದೆ? ಮಾಡಬೇಕು. ಆದರೆ ತುತ್ತನ್ನು ಬಾಯಿಗೆ ಒಯ್ಯುವುದರ ಬದಲು, ತುತ್ತು ನೆಲದಲ್ಲಿ ತಾನೇ ಹುಟ್ಟುವಂತೆ ನೋಡಿಕೊಳ್ಳಬೇಕು.

ಅಮೆರಿಕದವರ ಜಿಂಕೆ ಹೊಲ

ನಮ್ಮ ಬಳಗದ ಕೆಲವರ ಮಕ್ಕಳು ಅಮೆರಿಕದಲ್ಲಿದ್ದಾರೆ. ಅಲ್ಲಿಯ ಹಳ್ಳಿಗಾಡಿನಲ್ಲಿ ಜಿಂಕೆಗಾಗಿಯೇ ಹೊಲ ಬಿತ್ತುವ ಪದ್ಧತಿ ಇದೆಯೆಂದು ಅವರು ಹೇಳುವಾಗ ಇಲ್ಲಿಯ ಅಜ್ಜ ಅಜ್ಜಿಯರಿಗೆ ಆಶ್ಚರ್ಯ. ಪದ್ಧತಿ ನಿಜವೇ. ಬಹುಮಟ್ಟಿಗೆ ಅದನ್ನು ಮಾಡುವವರು ಬೇಟೆಗಾರರು. ಬಿಳಿಬಾಲದ ಜಿಂಕೆ ತಮ್ಮ ಜಮೀನಿಗೆ ಬರಲೆಂದು ಕ್ಲೋವರ್ ಎಂಬ ಮೂರೆಲೆಯ ಸೊಪ್ಪು, ರೈ ಎಂಬ ಧಾನ್ಯ, ಟರ್ನಿಪ್ ಗಡ್ಡೆ ಮುಂತಾದುವನ್ನು ಬಿತ್ತುತ್ತಾರೆ. ಉದ್ದೇಶ ನಮಗೆ ಒಪ್ಪದು. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇಲೆ ಜಿಂಕೆಯ ಬೇಟೆ ಅಪರಾಧ. ಆದರೆ ಉಪಾಯದಲ್ಲಿ ಕಲಿಯುವುದಕ್ಕೆ ಇದೆ.

ಮಿಸ್ಸೂರಿ ಪ್ರಾಂತದ ಓಝಾರ್ಕ್ ಗುಡ್ಡಗಳಂಥ ಕಡೆ ನೆಲವೆಲ್ಲ ಚೂರುಕಲ್ಲು. ಅಲ್ಲಿಯವರು ಮೊದಲು ಮಣ್ಣಿನ ಹುಳಿಯನ್ನು ಪರೀಕ್ಷಿಸಿ ಬೇಕಾದಷ್ಟು ಸುಣ್ಣ ಚೆಲ್ಲುತ್ತಾರೆ. ಉಳುವ ಹಟ ಹಿಡಿಯುವುದಿಲ್ಲ. ಚಳಿಗಾಲದ ಕೊನೆಯಲ್ಲಿ ನೆಲ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವಾಗ ಸಣ್ಣ ಸಣ್ಣ ಬಿರುಕುಗಳು ಬಿಡುತ್ತವೆ. ಆಗ ಬೀಜವನ್ನು ಮೇಲೆ ಎರಚಿಬಿಟ್ಟರೆ ನೆಲವೇ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಮ್ಮಲ್ಲಿ ಹಿಮವಿಲ್ಲ. ಆದರೂ ನೀತಿ ಒಂದೇ: ಕಲ್ಲುನೆಲದೊಡನೆ ಜಗಳವಾಡಬಾರದು, ಅದರ ಋತುವನ್ನು ಕಾದು ಅದರಿಂದಲೇ ಕೆಲಸ ಮಾಡಿಸಿಕೊಳ್ಳಬೇಕು.

ಬಡ ನೆಲವೇ ಹುಲ್ಲಿನ ಕೋಟೆ

ಗಿಂಡಿಗೆ ಸಮೀಪದ ಪರಂಗಿಮಲೈ, ಪಲ್ಲಾವರಂ ಗುಡ್ಡಗಳ ಕಪ್ಪುಛಾಯೆಯ ಗಟ್ಟಿ ಕಲ್ಲಿಗೆ ಚಾರ್ನೊಕೈಟ್ ಎಂದು ಹೆಸರು. ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕನ ಸಮಾಧಿಯ ಚಪ್ಪಡಿ ಈ ಜಾತಿಯ ಕಲ್ಲಿನದಾದ್ದರಿಂದ ಭೂವಿಜ್ಞಾನಿ ಹಾಲೆಂಡ್ ಆ ಹೆಸರಿಟ್ಟ. ನಮ್ಮ ಬಿಳಿಗಿರಿರಂಗನ ಬೆಟ್ಟವೂ ಹೆಚ್ಚಾಗಿ ಇದೇ ಕಲ್ಲಿನದು. ಊರು ಬಿಟ್ಟು ಬಂದವರಿಗೆ ಕಾಲ ಕೆಳಗಿನ ಕಲ್ಲಾದರೂ ನೆಂಟನೆಂದರೆ ಒಂದು ಸಮಾಧಾನ! ತುಮಕೂರು, ಕೋಲಾರ, ಚಿತ್ರದುರ್ಗಗಳ ಕಡೆ ಬೇರೆ ಬಗೆಯ ಬೆಣಚು ಮಿಶ್ರಿತ ಕಲ್ಲು, ಅದರಿಂದ ಹುಟ್ಟಿದ ಕೆಮ್ಮಣ್ಣು. ಅನೇಕ ಕಡೆ ಮಣ್ಣು ಒಂದು ಗೇಣು ಕೂಡ ಇರುವುದಿಲ್ಲ. ನೀರು ನಿಲ್ಲದು, ಸಾರಜನಕ ಕಡಿಮೆ. ರೆವಿನ್ಯೂ ಲೆಕ್ಕದಲ್ಲಿ ಇಂಥ ನೆಲಕ್ಕೆ 'ಖರಾಬು' ಎಂದು ಬರೆದು ಕೈ ತೊಳೆದುಕೊಂಡರು.

ಖರಾಬು ಯಾರಿಗೆ? ಭತ್ತಕ್ಕೆ, ಕಬ್ಬಿಗೆ, ತೆಂಗಿಗೆ. ಹುಲ್ಲಿಗೆ ಅಲ್ಲ. ಹುಲ್ಲಿನ ಬೇರು ಜಡೆಜಡೆಯಾಗಿ ಮೇಲುಮಣ್ಣಿನಲ್ಲಿಯೇ ಹರಡಿ, ಬಂದ ಒಂದು ಹದ ಮಳೆಯನ್ನು ಬೇಗ ಹೀರುತ್ತದೆ. ಮಳೆ ಹೋದ ಮೇಲೆ ಗರಿ ಒಣಗಿದರೂ ಬುಡ ನಿದ್ದೆ ಹೋಗುತ್ತದೆ, ಸಾಯುವುದಿಲ್ಲ. ಚಿಗುರುವ ಕಣ್ಣು ನೆಲದ ಮಟ್ಟದಲ್ಲಿ ಇರುವುದರಿಂದ ಮೇಯ್ದರೂ ಕೊಯ್ದರೂ ಮತ್ತೆ ಎದ್ದು ನಿಲ್ಲುತ್ತದೆ. ಮಣ್ಣು ಆಳವಾಗಿ ಸಾರವತ್ತಾಗಿದ್ದರೆ ಮರಗಿಡಗಳು ಮೇಲುಗೈ ಪಡೆದು ಹುಲ್ಲಿಗೆ ಬಿಸಿಲೇ ಸಿಗದಂತೆ ಮಾಡುತ್ತವೆ. ಬಡ ನೆಲದಲ್ಲಿ ಆ ಪೈಪೋಟಿ ಕಡಿಮೆ. ಆದಕಾರಣವೇ ಕೃಷ್ಣಮೃಗ, ಚಿಂಕಾರ, ತೋಳ, ಲಾವಕ್ಕಿಗಳಿಗೆ ಈ ಕಲ್ಲುಬಯಲು ತವರು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ೭೯೮ ಎಕರೆಯ ಜಯಮಂಗಲಿ ಕೃಷ್ಣಮೃಗ ಮೀಸಲು ೨೦೦೭ರಲ್ಲಿ ಆಯಿತು. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ೨೦೧೬ರಲ್ಲಿ, ಶಿರಾ ಕಡೆಯ ಬುಕ್ಕಾಪಟ್ಟಣದಲ್ಲಿ ೨೦೧೯ರಲ್ಲಿ ಚಿಂಕಾರಕ್ಕಾಗಿ ಅಭಯಾರಣ್ಯಗಳಾದುವು. ಇವೆಲ್ಲ ಒಣನಾಡಿನ ಊರುಗಳು, ಮಲೆನಾಡಿನವಲ್ಲ.

ಕಾವಲು, ವೀಡಿ, ಕೊರಂಗಾಡು

ಬಡ ನೆಲದಲ್ಲಿ ಮೇವು ಬೆಳೆಯುವ ವಿದ್ಯೆ ನಮ್ಮ ಹಿರಿಯರಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಅಮೃತಮಹಲ್ ಕಾವಲುಗಳನ್ನು ನೆನೆಯಿರಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಸೈನ್ಯದ ಫಿರಂಗಿ ಎಳೆಯುವ ದನಗಳಿಗಾಗಿ ಚಿಕ್ಕಮಗಳೂರು, ಹಾಸನ, ತುಮಕೂರು, ಚಿತ್ರದುರ್ಗಗಳ ಬಯಲಿನಲ್ಲಿ ಲಕ್ಷಗಟ್ಟಲೆ ಎಕರೆಯ ಹುಲ್ಲುಗಾವಲನ್ನು ಕಾದಿರಿಸಿದ್ದರು. ಬಿತ್ತಿದ್ದು ಕಡಿಮೆ, ಕಾಯ್ದದ್ದು ಹೆಚ್ಚು. 'ಕಾವಲು' ಎಂಬ ಹೆಸರೇ ಅದನ್ನು ಹೇಳುತ್ತದೆ. ಬೇಸಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ಒಂದರಲ್ಲಿ ದನ ಮೇಯುವಾಗ ಇನ್ನೊಂದಕ್ಕೆ ವಿಶ್ರಾಂತಿ ಕೊಡುತ್ತಿದ್ದರು. ಹುಲ್ಲು ಬೀಜ ಕಟ್ಟಿ ಉದುರಿಸುವ ಹೊತ್ತಿಗೆ ಬಾಯಿ ಹಾಕುವವರು ಇರುತ್ತಿರಲಿಲ್ಲ. ದನಕ್ಕೆಂದು ಕಾಯ್ದ ಆ ಹುಲ್ಲಿನಲ್ಲಿ ಕೃಷ್ಣಮೃಗವೂ ಉಂಡು ಬಾಳಿತು. ಇಂದು ಹೆಚ್ಚಿನ ಕಾವಲುಗಳು ಕರಗಿಹೋಗಿವೆ. ಆದರೂ ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ೨೦೧೧ರಲ್ಲಿ ಸಂರಕ್ಷಣಾ ಮೀಸಲೆಂದು ಘೋಷಿಸಿರುವುದರಿಂದ ಹಳೆಯ ಬಯಲಿನ ಒಂದು ತುಣುಕು ಇಂದಿಗೂ ಕಾಣಸಿಗುತ್ತದೆ.

ಗುಜರಾತಿನ ಭಾವನಗರದಲ್ಲಿಯೂ ಇಂಥದೇ ಕಥೆ. ಅಲ್ಲಿಯ ರಾಜರು ಕಾದಿರಿಸಿದ ಹುಲ್ಲುಗಾವಲಿಗೆ 'ವೀಡಿ' ಎಂದು ಹೆಸರು. ವೆಳಾವದರ್ ಎಂಬ ವೀಡಿ ೧೯೭೬ರಲ್ಲಿ ಕೃಷ್ಣಮೃಗದ ರಾಷ್ಟ್ರೀಯ ಉದ್ಯಾನವಾಯಿತು. ಅದೇ ಭಾವನಗರದ ಮಹಾರಾಜ ಕೃಷ್ಣಕುಮಾರಸಿಂಹಜಿಯವರು ೧೯೪೮ರಿಂದ ೧೯೫೨ರವರೆಗೆ ಮದರಾಸಿನ ರಾಜ್ಯಪಾಲರಾಗಿ ಗಿಂಡಿಯಲ್ಲಿದ್ದರು. ಅಲ್ಲಿಯ ಬಿಳಿಯ ಕೃಷ್ಣಮೃಗಗಳ ಮೂಲವನ್ನು ಅವರು ತರಿಸಿದ ಪ್ರಾಣಿಗಳಲ್ಲಿ ಗುರುತಿಸುವ ವಾಡಿಕೆ ಇದೆ.

ನಮಗೆ ಇನ್ನೂ ಹತ್ತಿರದ ಪಾಠಶಾಲೆ ಈ ತಮಿಳುನಾಡಿನಲ್ಲಿಯೇ ಇದೆ. ಕಾಂಗೇಯಂ, ಕರೂರು, ಧಾರಾಪುರಗಳ ಸುತ್ತಿನ ಒಣ ಗರಸು ನೆಲದಲ್ಲಿ ರೈತರು 'ಕೊರಂಗಾಡು' ಎಂಬ ಸ್ವಂತ ಹುಲ್ಲುಗಾವಲನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿದ್ದಾರೆ. ಅದರಲ್ಲಿ ಮೂರು ಅಂಗಗಳು. ನೆಲದ ಮೇಲೆ ಕೊಳುಕ್ಕಟ್ಟೈ ಪುಲ್ ಎಂಬ ಹುಲ್ಲು; ಕಾಂಗೇಯಂ ಎತ್ತುಗಳನ್ನು ಬೆಳೆಸಿದ್ದು ಇದೇ ಹುಲ್ಲು. ನಡುನಡುವೆ ಬಿಳಿಜಾಲಿ ಮರ. ನೆರಳು ತೆಳುವಾದ್ದರಿಂದ ಹುಲ್ಲಿಗೆ ಅಡ್ಡಿಯಿಲ್ಲ, ಬೇಸಗೆಯಲ್ಲಿ ಅದರ ಕಾಯಿ ಮೇವಾಗುತ್ತದೆ. ಸುತ್ತಲೂ ಮುಳ್ಳು ಕಿಳುವೈ ಗಿಡದ ಜೀವಂತ ಬೇಲಿ. ಕಡ್ಡಿ ನೆಟ್ಟರೆ ಚಿಗುರುವಂಥದು. ಇಂಥ ಪಟ್ಟಿಗಳನ್ನು ಹಲವಾಗಿ ಮಾಡಿ ಒಂದಾದ ಮೇಲೊಂದರಲ್ಲಿ ಮೇಯಿಸುತ್ತಾರೆ. ಹುಲ್ಲು, ಮರ, ಬೇಲಿ, ವಿಶ್ರಾಂತಿ ಇವು ನಾಲ್ಕೇ ಅದರ ಸೂತ್ರ.

ಮೇವನ್ನು ನುಂಗುವ ಗಿಡಗಳು

ಹುಲ್ಲು ಹೋದದ್ದು ಮಣ್ಣು ಬಡವಾದ್ದರಿಂದಲ್ಲ, ನಾವು ತಂದು ಹಾಕಿದ ಗಿಡಗಳಿಂದ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕಾಗಿ ೧೯೭೪ರಲ್ಲಿ ೧೧೯ ಚದರ ಕಿಲೋಮೀಟರಿನ ಅಭಯಾರಣ್ಯ ಘೋಷಿತವಾಯಿತು. ಬಯಲಿನ ಪ್ರಾಣಿಯ ಆ ಮನೆಯ ಬಹುಭಾಗದಲ್ಲಿ ನೀಲಗಿರಿ ತೋಪು ನಿಂತಿದೆ. ನೀಲಗಿರಿಯ ಎಲೆಯನ್ನು ಕೃಷ್ಣಮೃಗ ತಿನ್ನದು. ಹೊಟ್ಟೆಗೆ ಕಡಿಮೆಯಾದಾಗ ಅದು ಪಕ್ಕದ ರೈತನ ಜೋಳಕ್ಕೆ ಇಳಿಯುತ್ತದೆ. ರೈತನಿಗೂ ನಷ್ಟ, ಪ್ರಾಣಿಗೂ ಅಪಾಯ. ಇಲ್ಲಿ ತಪ್ಪು ಯಾರದೆಂದು ಆ ಇಬ್ಬರನ್ನು ಕೇಳಿ ಫಲವಿಲ್ಲ.

ಬಳ್ಳಾರಿ ಜಾಲಿಯ ಕಥೆ ಇನ್ನೂ ವಿಚಿತ್ರ. ಅಮೆರಿಕ ಖಂಡದಿಂದ ೧೯ನೆಯ ಶತಮಾನದಲ್ಲಿ ಬಂದ ಈ ಗಿಡಕ್ಕೆ ಇಲ್ಲಿ ಸೀಮೈ ಕರುವೇಲಂ ಎನ್ನುತ್ತಾರೆ. ಸೌದೆಗೆ ಒಳ್ಳೆಯದು, ಬರಕ್ಕೆ ಬಗ್ಗದು. ಆದರೆ ಹುಲ್ಲಿಗೆ ಶತ್ರು. ಅದರ ಸಿಹಿಗಾಯಿಯನ್ನು ಕೃಷ್ಣಮೃಗ ಇಷ್ಟಪಟ್ಟು ತಿನ್ನುತ್ತದೆ. ಜೀರ್ಣವಾಗದ ಬೀಜ ಹಿಕ್ಕೆಯ ಮೂಲಕ ಬಯಲಿನಲ್ಲೆಲ್ಲ ಬಿತ್ತನೆಯಾಗುತ್ತದೆ. ಬಡಪ್ರಾಣಿ ತನ್ನ ಹುಲ್ಲುಗಾವಲನ್ನು ತಾನೇ ಮುಳ್ಳುಕಾಡು ಮಾಡಿಕೊಳ್ಳುತ್ತದೆ! ೧೯೬೭ರಲ್ಲಿ ಅಭಯಾರಣ್ಯವಾದ ಕೋಡಿಯಕ್ಕರೈಯಲ್ಲಿ ಇದು ದೊಡ್ಡ ಚಿಂತೆಯಾಗಿದೆ. ನಾವು ವಿಜಯದಶಮಿಯಂದು ಪೂಜಿಸುವ ಬನ್ನಿ ಈ ಗಿಡದ ನೆಂಟನೇ. ಆದರೆ ಬನ್ನಿಯ ಕೆಳಗೆ ಹುಲ್ಲು ಚೆನ್ನಾಗಿ ಬೆಳೆಯುತ್ತದೆ, ಸೊಪ್ಪು ಕಾಯಿಗಳು ಮೇವಾಗುತ್ತವೆ. ನೆಂಟರಲ್ಲಿಯೂ ಎಷ್ಟು ಅಂತರ!

ಬಂಡೀಪುರದಲ್ಲಿ ಇದೇ ಹಾವಳಿ ಲಂಟಾನದ್ದು. ಬಣ್ಣದ ಹೂವಿಗಾಗಿ ತೋಟಕ್ಕೆ ತಂದ ಪೊದೆ ಕಾಡನ್ನೆಲ್ಲ ಹಬ್ಬಿ, ಅದರಡಿಯಲ್ಲಿ ಹುಲ್ಲು ಏಳದಂತೆ ಮಾಡಿದೆ. ಲಂಟಾನವನ್ನು ಬುಡಸಹಿತ ಕಿತ್ತು ಬೆಳಕು ಬಿಟ್ಟ ಕಡೆ ಹುಲ್ಲು ಮರಳುತ್ತದೆ. ನಾಗರಹೊಳೆಯಲ್ಲಿ 'ಹಡ್ಲು' ಎಂದು ಕರೆಯುವ ತೇವದ ಹುಲ್ಲುಬಯಲುಗಳಿವೆ; ಸಂಜೆಯ ಹೊತ್ತು ಜಿಂಕೆಯ ಹಿಂಡು ಅಲ್ಲಿ ಸೇರುವುದನ್ನು ಕಂಡವರಿಗೆ ಜಿಂಕೆಯ ಊಟದ ಮನೆ ಹೇಗಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಮದರಾಸಿನಲ್ಲಿ ನೆಲಸಿದ್ದ ಪ್ರಕೃತಿತಜ್ಞ ಎಂ. ಕೃಷ್ಣನ್ (೧೯೧೨-೧೯೯೬) ಅವರು ಹೊರಗಿನಿಂದ ತಂದ ಗಿಡಗಳ ಬದಲು ಈ ನೆಲದ ಗಿಡಗಳನ್ನೇ ಉಳಿಸಬೇಕೆಂದು ಬಹಳ ಹಿಂದೆಯೇ ವಾದಿಸಿದವರು. ೧೯೪೦ರ ದಶಕದಲ್ಲಿ ಅವರು ನಮ್ಮ ಬಳ್ಳಾರಿ ಜಿಲ್ಲೆಯ ಸಂಡೂರು ಸಂಸ್ಥಾನದಲ್ಲಿ ನೌಕರಿಯಲ್ಲಿದ್ದರೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

ಊರಿನ ಗರಸು ಭೂಮಿಯಲ್ಲಿ ಮಾಡಬಹುದಾದ್ದು

ರಾಷ್ಟ್ರೀಯ ಉದ್ಯಾನ, ಮೀಸಲು ಕಾಡು, ಸರಕಾರಿ ಕಾವಲುಗಳಲ್ಲಿ ಬೀಜ ಎರಚುವುದು ನಮ್ಮ ಕೆಲಸವಲ್ಲ. ಅದಕ್ಕೆ ಇಲಾಖೆ ಇದೆ. ನಮ್ಮ ಸ್ವಂತ ಬೀಳು ನೆಲದಲ್ಲಿ ಹುಲ್ಲನ್ನು ಮರಳಿ ತರುವ ಆಸೆಯುಳ್ಳವರಿಗೆ ಕ್ರಮ ಹೀಗಿದೆ.

ಮೊದಲು ಸುಮ್ಮನೆ ಕಾಯಿರಿ. ಒಂದು ಮಳೆಗಾಲ ದನಕುರಿ ಬಿಡದೆ ಬೇಲಿ ಕಟ್ಟಿ ನೋಡಿದರೆ, ಸತ್ತಿತೆಂದುಕೊಂಡ ಗರಿಕೆ ಮತ್ತು ಊಬಿನ ಹುಲ್ಲು ಎಷ್ಟೋ ಕಡೆ ತಾವೇ ತಲೆಯೆತ್ತುತ್ತವೆ. ಹಾಗೆ ಎದ್ದರೆ ಬಿತ್ತುವ ಖರ್ಚೇ ಇಲ್ಲ. ಬಳ್ಳಾರಿ ಜಾಲಿ ಇದ್ದರೆ ಬೇರುಸಹಿತ ತೆಗೆಯಿಸಿ. ಮೇಲೆ ಕಡಿದರೆ ಒಂದಕ್ಕೆ ನಾಲ್ಕಾಗಿ ಚಿಗುರುತ್ತದೆ.

ಕಲ್ಲನ್ನೆಲ್ಲ ಆಯಿಸಿ ಹೊರಹಾಕಬೇಡಿ. ಕಲ್ಲಿನಡಿಯ ತೇವ ಬೇಗ ಆರುವುದಿಲ್ಲ. ಮಳೆಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗದಂತೆ ಕಲ್ಲು ತಡೆಯುತ್ತದೆ. ಸಡಿಲವಾದ ಕಲ್ಲನ್ನು ಮಾತ್ರ ಇಳಿಜಾರಿಗೆ ಅಡ್ಡವಾಗಿ ಸಾಲುಸಾಲಾಗಿ ಜೋಡಿಸಿ ಮೊಳಕಾಲಿಗಿಂತ ತಗ್ಗಾದ ಒಡ್ಡು ಮಾಡಿ. ಒಡ್ಡಿನ ಮೇಲ್ಬದಿಯಲ್ಲಿ ವರ್ಷವರ್ಷ ಸ್ವಲ್ಪ ಮಣ್ಣು ತಂಗುತ್ತದೆ. ಹುಲ್ಲು ಮೊದಲು ಹಿಡಿಯುವುದು ಅಲ್ಲಿಯೇ. ಇ‌ಳಿಜಾರಿನಲ್ಲಿ ಅರ್ಧಚಂದ್ರಾಕಾರದ ಸಣ್ಣ ಗುಂಡಿಗಳೂ ಇದೇ ಕೆಲಸ ಮಾಡುತ್ತವೆ. ಉಳುಮೆ ಬೇಡ; ಮೇಲುಮಣ್ಣನ್ನು ಕೆರೆದರೆ ಸಾಕು.

ಬಿತ್ತಲೇಬೇಕಾದರೆ ಕೊಳುಕ್ಕಟ್ಟೈ ಹುಲ್ಲಿನ ಬೀಜ ಎಕರೆಗೆ ಎರಡು ಮೂರು ಕಿಲೋ ಬೇಕಾಗುತ್ತದೆ. ಹೊಸ ಬೀಜ ಕೆಲವು ತಿಂಗಳು ಮೊಳೆಯದು. ಹಿಂದಿನ ವರ್ಷದ್ದನ್ನು ಆರಿಸಿ. ಬೀಜ ನವಿರಾಗಿ ಹಗುರವಾದ್ದರಿಂದ ಗಾಳಿಗೆ ಹಾರುತ್ತದೆ. ಜೇಡಿಮಣ್ಣು, ಸಗಣಿ, ಸ್ವಲ್ಪ ಮರಳು ಸೇರಿಸಿ ಕಲಸಿ, ಸಣ್ಣ ಉಂಡೆ ಮಾಡಿ, ನೆರಳಿನಲ್ಲಿ ಒಣಗಿಸಿ ಚೆಲ್ಲಿದರೆ ಬಿದ್ದಲ್ಲಿಯೇ ನಿಲ್ಲುತ್ತದೆ. ಈ ಉಂಡೆ ಕಟ್ಟುವ ಕೆಲಸ ಮಕ್ಕಳಿಗೆ ಬಲು ಹಿತ. ಬೀಜದ ಮೇಲೆ ದಪ್ಪಗೆ ಮಣ್ಣು ಮುಚ್ಚಬಾರದು.

ಕಾಲದ ವಿಷಯದಲ್ಲಿ ಎಚ್ಚರ ಬೇಕು. ಮೈಸೂರು ಸೀಮೆಯ ಬಯಲಿಗೆ ಮುಂಗಾರು ಮುಖ್ಯ. ಮೃಗಶಿರ, ಆರಿದ್ರೆಗಳ ಹದ ನೋಡಿಕೊಂಡು ಚೆಲ್ಲಬೇಕು. ಜಿಂಕೆಯ ತಲೆಯೆಂದೇ ಹೆಸರಾದ ಮಳೆಗೆ ಜಿಂಕೆಯ ಮೇವು ಬಿತ್ತುವುದು ಎಷ್ಟು ಚೆಂದ! ತಮಿಳುನಾಡಿನ ಕರಾವಳಿಯಲ್ಲಿ ಈ ಲೆಕ್ಕ ನಡೆಯದು; ಇಲ್ಲಿ ಹಸ್ತ ಚಿತ್ತೆಗಳ ತನಕ ಕಾಯಬೇಕು.

ಮಣ್ಣಿಗೆ ಸಾರಜನಕ ಬೇಕಲ್ಲ? ಅದಕ್ಕೆ ನಮ್ಮ ಹುರುಳಿಯೇ ಸಾಕು. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯಿಂದ ಸಾರಜನಕವನ್ನು ಹಿಡಿದು ಕೊಡುತ್ತವೆ. ಮೊದಲ ವರ್ಷ ಹುಲ್ಲಿನೊಡನೆ ಅಲ್ಲಲ್ಲಿ ಹುರುಳಿ, ಅಲಸಂದೆ ಚೆಲ್ಲಿದರೆ ಗರಸು ನೆಲಕ್ಕೆ ಅದೇ ಗೊಬ್ಬರ. ಸ್ಟೈಲೋ ಎಂಬ ದಕ್ಷಿಣ ಅಮೆರಿಕದ ಮೇವಿನ ಗಿಡವೂ ಬಡ ನೆಲದಲ್ಲಿ ಚೆನ್ನಾಗಿ ಬರುತ್ತದೆ; ಆದರೆ ಅದು ಹೊಲದ ಬೆಳೆ. ಕಾಡಂಚಿನಲ್ಲಿ ಅದನ್ನು ಹರಡುವುದು ಲಂಟಾನದ ಪಾಠವನ್ನು ಮರೆತಂತೆ. ಬದುವಿನ ಮೇಲೆ ಬನ್ನಿ, ಬಿಳಿಜಾಲಿ, ಎಲಚಿ ಗಿಡಗಳನ್ನು ದೂರ ದೂರ ನೆಡಿ. ಹುಲ್ಲು ಒಣಗಿದ ತಿಂಗಳುಗಳಲ್ಲಿ ಕಾಯಿ ಹಣ್ಣುಗಳು ಕೈಹಿಡಿಯುತ್ತವೆ.

ಮೊದಲ ವರ್ಷ ಯಾರೂ ಮೇಯಬಾರದು. ಎರಡನೆಯ ವರ್ಷದಲ್ಲಿ ಬೀಜ ಉದುರಿದ ಮೇಲೆ ಕುಡುಗೋಲಿನಿಂದ ಕೊಯ್ದು ನೆರೆಯ ರೈತನ ದನಕ್ಕೆ ಕೊಡಬಹುದು. ಇಲ್ಲಿ ಒಂದು ವಿವೇಕದ ಮಾತು. ಸುತ್ತಲೂ ಬೆಳೆಯಿರುವ ಕಡೆ ಜಿಂಕೆಯನ್ನು ಕರೆತರುವ ಉತ್ಸಾಹ ಬೇಡ. ನಾವು ಮದರಾಸಿನಲ್ಲಿ ಕುಳಿತು ಪುಣ್ಯ ಕಟ್ಟಿಕೊಂಡರೆ ಊರಿನ ನೆರೆಯವನು ರಾಗಿ ಕಳೆದುಕೊಳ್ಳುತ್ತಾನೆ. ಅವನನ್ನು ಕೇಳಿ, ಅವನಿಗೂ ಮೇವಿನ ಪಾಲು ಕೊಟ್ಟು ಕೆಲಸಕ್ಕೆ ಕೈ ಹಾಕಬೇಕು. ಮುಳ್ಳುತಂತಿಗಿಂತ ಗಿಡದ ಬೇಲಿ ಲೇಸು. ಓಡುವ ಪ್ರಾಣಿ ತಂತಿಗೆ ಸಿಕ್ಕಿ ಗಾಯಗೊಳ್ಳುತ್ತದೆ.

ನಮ್ಮ ಮನೆಗಳಲ್ಲಿ

ಗರಸು ಭೂಮಿ ಇಲ್ಲದವರಿಗೂ ಕರ್ತವ್ಯವುಂಟು. ಗಿಂಡಿಗೆ ಹೋಗುವ ದಿನ ತಿಂಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟದೆ ಡಬ್ಬಿಯಲ್ಲಿ ಒಯ್ಯೋಣ, ಉಳಿದದ್ದನ್ನು ಮನೆಗೇ ತರೋಣ. ಮೈಸೂರಿನಿಂದ ಉದಕಮಂಡಲಕ್ಕೆ ಹೋಗುವಾಗ ಬಂಡೀಪುರದ ರಸ್ತೆಯಲ್ಲಿ ಕಾರು ನಿಲ್ಲಿಸಿ ಬಿಸ್ಕತ್ತು ಎಸೆಯುವವರನ್ನು ಕಂಡರೆ ಮಕ್ಕಳಿಗೆ ಅದರ ಕಾರಣ ತಿಳಿಸಿ ಬುದ್ಧಿ ಹೇಳೋಣ. 'ಪಾಪ, ಹಸಿದಿದೆ' ಎನ್ನುವ ಮಗುವಿಗೆ 'ಹೌದು, ಅದಕ್ಕೆ ಹುಲ್ಲು ಬೇಕು' ಎಂದು ಉತ್ತರ ಕೊಡುವುದು ಕಷ್ಟವಲ್ಲ. ಅಜ್ಜಿಯರು ಗಣೇಶನ ಹಬ್ಬಕ್ಕೆ ಗರಿಕೆ ಬಿಡಿಸುವಾಗ, ಅದೇ ಗರಿಕೆ ಕೃಷ್ಣಮೃಗದ ಅನ್ನವೆಂದೂ ಒಂದು ಮಾತು ಸೇರಿಸಬಹುದು.

ಕೀಲ್ಪಾಕ್ ಗಾರ್ಡನ್ ರಸ್ತೆಯಲ್ಲಿ ಹೆಸರಿಗೆ ತಕ್ಕ ತೋಟಗಳು ಎಷ್ಟು ಉಳಿದಿವೆಯೆಂಬುದು ನಮಗೆಲ್ಲ ಗೊತ್ತು. ತೋಟ ಹೋದ ಮೇಲೆ ಹೆಸರು ಮಾತ್ರ ಉಳಿಯುತ್ತದೆ. ಊರಿನ ಕಾವಲುಗಳಿಗೂ ಗೋಮಾಳಗಳಿಗೂ ಆ ಗತಿ ಬರಬಾರದು. ಮುಂದಿನ ಸಾರಿ ಊರಿಗೆ ಹೋದಾಗ, ಖಾತೆ ಪಹಣಿಗಳ ಕೆಲಸ ಮುಗಿದ ಮೇಲೆ, ಖರಾಬೆಂದು ಬರೆದಿರುವ ಆ ಕಲ್ಲುನೆಲದ ತನಕ ಒಮ್ಮೆ ನಡೆದು ಬನ್ನಿ. ಮಾರುವ ಮಾತು ಬಂದಿದ್ದರೆ ಒಂದು ಮಳೆಗಾಲ ತಡೆಯಿರಿ. ಬೇಲಿ ಕಟ್ಟಿ, ಅಲ್ಲಿ ಏನು ಹುಟ್ಟುತ್ತದೆಂದು ನೋಡಿ, ಆಮೇಲೆ ತೀರ್ಮಾನ ಮಾಡಿ. ಹೀಗೆ ನೋಡಿದವರು ತಾವು ಕಂಡದ್ದನ್ನು ನಾಲ್ಕು ಸಾಲಿನಲ್ಲಿ ನಮಗೆ ಬರೆದು ತಿಳಿಸಿದರೆ ಉಳಿದ ಕುಟುಂಬಗಳಿಗೂ ಉಪಕಾರವಾದೀತು.